ಮುಸುಕು ಔಷಧಿಯಲ್ಲ

ಕೆಲವು ವರ್ಷಗಳ ಹಿಂದಿನ ರಮಝಾನ್. ನಮ್ಮ ಸಂಬಂಧಿಕರ ಮನೆಯಲ್ಲಿ ಇಫ್ತಾರ್‌ಗೆಂದು ಸಮೋಸ ಕರಿಯುತ್ತಿದ್ದ ಹದಿನೇಳರ ಹುಡುಗಿಯ ಕೈ ತಾಗಿ ಬಾಣಲೆ ವಾಲಿತು. ಕಾದ ಎಣ್ಣೆ ಬಲಗೆನ್ನೆಗೆ ಸಿಡಿಯಿತು. ಮಗ್‌ರಿಬ್ ಅಝಾನ್‌ಗೆ ಇನ್ನು ಹತ್ತು ನಿಮಿಷವಿದೆ ಎನ್ನುವ ಗಡಿಬಿಡಿ. ಮನೆಯವರು ಕೈಗೆ ಸಿಕ್ಕ ಟೂತ್‌ಪೇಸ್ಟ್ ಬಳಿದರು, ಆಮೇಲೆ ಆಸ್ಪತ್ರೆಗೆ ಓಡಿದರು. ಗಾಯ ಒಣಗಿತು. ಎಲ್ಲರೂ ಅಲ್‌ಹಮ್ದುಲಿಲ್ಲಾಹ್ ಎಂದರು.

ಆದರೆ ಸುಟ್ಟ ಗಾಯದ ನಿಜವಾದ ಕಥೆ ಶುರುವಾಗುವುದೇ ಅದು ಒಣಗಿದ ಮೇಲೆ. ತಿಂಗಳುಗಳು ಕಳೆದಂತೆ ಕೆನ್ನೆಯ ಕಲೆ ದಪ್ಪವಾಯಿತು, ಗಟ್ಟಿಯಾಯಿತು, ಸುತ್ತಲಿನ ಚರ್ಮವನ್ನು ತನ್ನತ್ತ ಎಳೆಯತೊಡಗಿತು. ಕಣ್ಣಿನ ಕೆಳರೆಪ್ಪೆ ಜಗ್ಗಿ ಒಳಗಿನ ಕೆಂಪು ಹೊರಗೆ ಕಾಣುವಂತಾಯಿತು. ರಾತ್ರಿ ಮಲಗಿದಾಗಲೂ ಆ ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಇನ್ನೊಮ್ಮೆ ವೈದ್ಯರಿಗೆ ತೋರಿಸೋಣ ಎಂದು ಅವಳ ಉಮ್ಮ ಹೇಳಿದಾಗ ಮನೆಯ ಹಿರಿಯರೊಬ್ಬರು, "ಹೇಗೂ ನಿಖಾಬ್ ಹಾಕುತ್ತಾಳಲ್ಲ, ಮುಖ ಯಾರಿಗೆ ಕಾಣುತ್ತದೆ? ಅಲ್ಲಾಹನು ಕೊಟ್ಟ ರೂಪಕ್ಕೆ ಕತ್ತರಿ ಹಾಕಿಸುವುದು ಯಾಕೆ?" ಎಂದರು. ಮಾತು ಅಲ್ಲಿಗೇ ನಿಂತಿತು. ಎರಡು ವರ್ಷ ನಿಂತೇ ಇತ್ತು.

ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರು ಆ ಹುಡುಗಿಯನ್ನು ಪ್ರೀತಿಸುವವರೇ. ಆದರೆ ಆ ಒಂದು ವಾಕ್ಯದಲ್ಲಿ ಎರಡು ತಪ್ಪುಗಳಿದ್ದವು. ಎರಡೂ ನಮ್ಮ ಅನೇಕ ಮನೆಗಳಲ್ಲಿ ಇವೆ. ಒಂದು, ಮುಖದ ಗಾಯವೆಂದರೆ ಬರೀ ಅಂದದ ವಿಷಯ, ಮುಚ್ಚಿದರೆ ಸಾಕು ಎಂಬ ಭಾವನೆ. ಎರಡು, ಅದನ್ನು ಸರಿಪಡಿಸುವುದು ಅಲ್ಲಾಹನ ಸೃಷ್ಟಿಯನ್ನು ಬದಲಾಯಿಸಿದಂತೆ ಎಂಬ ಭಯ. ಈ ಎರಡನ್ನೂ ನಾವು ಬಿಡಲೇಬೇಕು ಎಂಬುದು ನನ್ನ ಅಭಿಪ್ರಾಯ.

ಮುಖ ಕೇವಲ ನೋಡುವುದಕ್ಕಲ್ಲ

ಮುಖ ಕೆಲಸ ಮಾಡುವ ಅಂಗ. ರೆಪ್ಪೆ ಪ್ರತಿ ಬಾರಿ ಮುಚ್ಚಿ ತೆರೆದಾಗ ಕಣ್ಣೀರು ಕಣ್ಣಿನ ಮೇಲೆ ತೆಳುವಾಗಿ ಹರಡುತ್ತದೆ. ರೆಪ್ಪೆ ಮುಚ್ಚದಿದ್ದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾ ಒಣಗುತ್ತದೆ, ಹುಣ್ಣಾಗುತ್ತದೆ, ಕೊನೆಗೆ ದೃಷ್ಟಿಯೇ ಮಸುಕಾಗುತ್ತದೆ. ತುಟಿ ಸೇರದಿದ್ದರೆ ಜೊಲ್ಲು ನಿಲ್ಲುವುದಿಲ್ಲ, ವುಝೂವಿನಲ್ಲಿ ಬಾಯಿ ಮುಕ್ಕಳಿಸುವುದೂ ಕಷ್ಟ. ಬಾಯಿಯ ಸುತ್ತ ಕಲೆ ಬಿಗಿದರೆ ತುತ್ತು ಒಳಗೆ ಹೋಗುವುದಿಲ್ಲ, ಹಲ್ಲುಜ್ಜಲು ಆಗುವುದಿಲ್ಲ. ಮೂಗಿನ ಹೊಳ್ಳೆ ಮುಚ್ಚಿಕೊಂಡರೆ ಉಸಿರಾಟಕ್ಕೆ ತೊಂದರೆ. ಕತ್ತಿನ ಮುಂಭಾಗ ಸುಟ್ಟು ಗಲ್ಲ ಎದೆಗೆ ಅಂಟಿದಂತಾದವರಿಗೆ ತಲೆ ಎತ್ತಲಾಗುವುದಿಲ್ಲ.

ಇವುಗಳಲ್ಲಿ ಯಾವುದನ್ನು ಮುಸುಕು ವಾಸಿ ಮಾಡುತ್ತದೆ? ಬಟ್ಟೆಯ ಹಿಂದೆಯೂ ಕಣ್ಣು ಒಣಗುತ್ತದೆ. ಅಷ್ಟಕ್ಕೂ ನಿಖಾಬ್ ಮುಚ್ಚದೆ ಬಿಡುವುದು ಕಣ್ಣನ್ನೇ. ಆ ಹುಡುಗಿಯ ಕೆಟ್ಟುಹೋಗುತ್ತಿದ್ದ ಭಾಗವೂ ಅದೇ ಆಗಿತ್ತು. ನಿಖಾಬ್ ಅವಳ ಧರ್ಮಶ್ರದ್ಧೆಯ ಉಡುಪು. ಚಿಕಿತ್ಸೆ ಮುಂದೂಡಲು ಅದನ್ನು ನೆಪ ಮಾಡಿಕೊಳ್ಳುವ ಹಕ್ಕು ನಮಗಿಲ್ಲ. ಗಂಡಸರೂ ಇದರಿಂದ ಹೊರತಲ್ಲ. ಗಡ್ಡದ ಮರೆಯಲ್ಲಿ, ಹೆಗಲ ಶಾಲಿನ ಮರೆಯಲ್ಲಿ ಕೆನ್ನೆಯ ಗಂಟನ್ನು ತಿಂಗಳುಗಟ್ಟಲೆ ಅಡಗಿಸಿಟ್ಟವರನ್ನು ನಾವೆಲ್ಲ ಕಂಡಿದ್ದೇವೆ.

ಪ್ಲಾಸ್ಟಿಕ್ ಸರ್ಜರಿಯಲ್ಲಿ ಪ್ಲಾಸ್ಟಿಕ್ ಇಲ್ಲ

ಪ್ಲಾಸ್ಟಿಕ್ ಸರ್ಜರಿ ಎಂದ ಕೂಡಲೇ ಕೆಲವರು ಮುಖದೊಳಗೆ ಪ್ಲಾಸ್ಟಿಕ್ ಇಡುತ್ತಾರೆಂದೇ ನಂಬಿದ್ದಾರೆ. ಇನ್ನು ಕೆಲವರಿಗೆ ಸಿನಿಮಾ ನಟಿಯರ ಮೂಗು ನೆನಪಾಗುತ್ತದೆ. ಆ ಹೆಸರು ಬಂದಿರುವುದು ರೂಪ ಕೊಡುವುದು, ತಿದ್ದಿ ಮಾಡುವುದು ಎಂಬ ಅರ್ಥದ ಗ್ರೀಕ್ ಪದದಿಂದ. ಕಳೆದುಹೋದದ್ದನ್ನು ದೇಹದ ಬೇರೆ ಭಾಗದಿಂದಲೇ ತೆಗೆದು ಕಟ್ಟಿಕೊಡುವುದು ಅದರ ಮೂಲ ಕೆಲಸ.

ಇದು ಪಾಶ್ಚಾತ್ಯರಿಂದ ಬಂದ ಹೊಸ ಶೋಕಿಯೂ ಅಲ್ಲ. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನ ನಮ್ಮ ನಾಡಿನ ಸುಶ್ರುತ ಸಂಹಿತೆಯಲ್ಲಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಸ್ಪೇನ್‌ನ ಕುರ್ತುಬಾದಲ್ಲಿದ್ದ ಅಬುಲ್ ಕಾಸಿಮ್ ಅಝ್ಝಹ್ರಾವಿ ತಮ್ಮ 'ಅತ್ತಸ್ರೀಫ್' ಗ್ರಂಥದ ಶಸ್ತ್ರಚಿಕಿತ್ಸಾ ಭಾಗದಲ್ಲಿ ಗಾಯಗೊಂಡ ಮೂಗು, ತುಟಿ, ಕಿವಿಗಳನ್ನು ಹೊಲಿಯುವ ಬಗ್ಗೆ ಬರೆದಿದ್ದಾರೆ. ಮೈಸೂರು ಯುದ್ಧಗಳ ಕಾಲದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆ ಸಿಕ್ಕು ಮೂಗು ಮತ್ತು ಒಂದು ಕೈ ಕಳೆದುಕೊಂಡ, ಬ್ರಿಟಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುವವನಾಗಿದ್ದ ಕಾವಸ್ಜಿಗೆ ಪುಣೆಯ ಕಡೆಯ ಪಾರಂಪರಿಕ ವೈದ್ಯನೊಬ್ಬ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿಕೊಟ್ಟ. ಆ ವರದಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಒಂದು ಪತ್ರಿಕೆಯಲ್ಲಿ ಚಿತ್ರ ಸಮೇತ ಪ್ರಕಟವಾಯಿತು. ಅದನ್ನು ಓದಿ ಅಭ್ಯಾಸ ಮಾಡಿದ ಜೋಸೆಫ್ ಕಾರ್ಪ್ಯೂ ಎಂಬ ಇಂಗ್ಲಿಷ್ ವೈದ್ಯರು 1814ರಲ್ಲಿ ಆ ವಿಧಾನವನ್ನು ಅಲ್ಲಿ ಮಾಡಿ ತೋರಿಸಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಸಿಡ್‌ಕಪ್‌ನ ಆಸ್ಪತ್ರೆಯಲ್ಲಿ ಹೆರಾಲ್ಡ್ ಗಿಲೀಸ್ ಮುಖ ಛಿದ್ರವಾದ ಸಾವಿರಾರು ಸೈನಿಕರಿಗೆ ಚಿಕಿತ್ಸೆ ಮಾಡಿ ಇಂದಿನ ವಿಧಾನಗಳಿಗೆ ಅಡಿಪಾಯ ಹಾಕಿದರು.

ವೈದ್ಯರು ಏನೇನು ಮಾಡುತ್ತಾರೆ?

ಭಯ ಹೆಚ್ಚಾಗಿ ತಿಳಿಯದ್ದರ ಬಗ್ಗೆ ಇರುತ್ತದೆ. ಆದ್ದರಿಂದ ಸಾಮಾನ್ಯವಾಗಿ ಮಾಡುವ ವಿಧಾನಗಳನ್ನು ಸರಳವಾಗಿ ಹೇಳುತ್ತೇನೆ. ವೈದ್ಯರು ಇದನ್ನು ಏಣಿಯ ಮೆಟ್ಟಿಲುಗಳಂತೆ ನೋಡುತ್ತಾರೆ. ಸರಳವಾದದ್ದು ಸಾಕಾದರೆ ದೊಡ್ಡದಕ್ಕೆ ಹೋಗುವುದಿಲ್ಲ.

ಮೊದಲ ಮೆಟ್ಟಿಲು ಅಂಚುಗಳನ್ನು ಸೇರಿಸಿ ಹೊಲಿಯುವುದು. ಮುಖದಲ್ಲಿ ರಕ್ತ ಸಂಚಾರ ಚೆನ್ನಾಗಿರುವುದರಿಂದ ಹೊಲಿದ ಗಾಯ ಬೇಗ ಕೂಡುತ್ತದೆ.

ಎರಡನೆಯದು ಚರ್ಮ ಕಸಿ. ತೊಡೆಯಿಂದ ತೆಳು ಪದರವನ್ನೋ, ಕಿವಿಯ ಹಿಂಭಾಗ ಅಥವಾ ಕೊರಳೆಲುಬಿನ ಮೇಲ್ಭಾಗದಿಂದ ಪೂರ್ಣ ದಪ್ಪದ ಚರ್ಮವನ್ನೋ ತೆಗೆದು ಗಾಯದ ಮೇಲೆ ಕೂರಿಸುತ್ತಾರೆ. ಮುಖಕ್ಕೆ, ಅದರಲ್ಲೂ ರೆಪ್ಪೆಗೆ, ಪೂರ್ಣ ದಪ್ಪದ್ದೇ ಒಳ್ಳೆಯದು. ಅದು ಕುಗ್ಗುವುದು ಕಡಿಮೆ, ಬಣ್ಣವೂ ಹತ್ತಿರದ್ದು. ಬೇರೆಯವರ ಚರ್ಮ ನಮ್ಮ ಮೈಗೆ ಶಾಶ್ವತವಾಗಿ ಅಂಟುವುದಿಲ್ಲ. ಆದ್ದರಿಂದ ತಾಯಿ ತನ್ನ ಚರ್ಮ ಕೊಡುತ್ತೇನೆಂದು ಅತ್ತರೂ ವೈದ್ಯರು ಮಗಳದ್ದನ್ನೇ ತೆಗೆಯುತ್ತಾರೆ.

ಮೂರನೆಯದು ಫ್ಲಾಪ್. ಕಸಿ ಮಾಡಿದ ಚರ್ಮ ಹೊಸ ಜಾಗದಿಂದ ರಕ್ತ ಪಡೆಯಬೇಕು. ಫ್ಲಾಪ್ ತನ್ನ ರಕ್ತನಾಳವನ್ನು ಜೊತೆಗೇ ತರುತ್ತದೆ. ಪಕ್ಕದ ಕೆನ್ನೆಯ ಚರ್ಮವನ್ನು ಸರಿಸಿಯೋ ತಿರುಗಿಸಿಯೋ ತಂದು ಕೂರಿಸುವುದು ಇದರಲ್ಲಿ ಸರಳವಾದದ್ದು. ಮೂಗು ಹೋದವರಿಗೆ ಇಂದಿಗೂ ಹಣೆಯ ಫ್ಲಾಪ್ ಮುಖ್ಯ ವಿಧಾನ. ಹುಬ್ಬಿನ ಬಳಿ ಬುಡ ಬಿಟ್ಟು ಹಣೆಯ ಚರ್ಮವನ್ನು ಕೆಳಗೆ ತಿರುಗಿಸಿ ಮೂಗಿಗೆ ಹೊಲಿಯುತ್ತಾರೆ, ಸುಮಾರು ಮೂರು ವಾರದ ಬಳಿಕ ಬುಡವನ್ನು ಬಿಡಿಸುತ್ತಾರೆ. ಆ ಮೂರು ವಾರ ಮುಖ ವಿಚಿತ್ರವಾಗಿ ಕಾಣುತ್ತದೆ. ಇದನ್ನು ಮೊದಲೇ ತಿಳಿದುಕೊಂಡರೆ ಮನೆಮಂದಿ ಗಾಬರಿಯಾಗುವುದಿಲ್ಲ.

ನಾಲ್ಕನೆಯದು ದೂರದ ಭಾಗದಿಂದ ಚರ್ಮ, ಮಾಂಸ ಅಥವಾ ಎಲುಬನ್ನು ರಕ್ತನಾಳದ ಸಮೇತ ತೆಗೆದು, ಸೂಕ್ಷ್ಮದರ್ಶಕದ ಕೆಳಗೆ ಕೆಲವೇ ಮಿಲಿಮೀಟರ್ ಅಗಲದ ನಾಳಗಳನ್ನು ಕತ್ತಿನ ನಾಳಗಳಿಗೆ ಹೊಲಿಯುವುದು. ಹೊಗೆಸೊಪ್ಪು, ಗುಟ್ಕಾ, ಎಲೆ-ಅಡಿಕೆಯ ಚಟದಿಂದ ಬಾಯಿಯ ಕ್ಯಾನ್ಸರ್ ಬಂದು ಕೆನ್ನೆ ಅಥವಾ ದವಡೆ ತೆಗೆಸಿಕೊಂಡವರಿಗೆ ಇದು ದೊಡ್ಡ ಆಸರೆ. ಒಳಗೆನ್ನೆಗೆ ಮುಂಗೈ ಅಥವಾ ತೊಡೆಯ ಚರ್ಮ ಬಳಸುತ್ತಾರೆ. ದವಡೆಗೆ ಮೊಣಕಾಲಿನ ಕೆಳಗಿನ ಎರಡು ಎಲುಬುಗಳಲ್ಲಿ ತೆಳುವಾದದ್ದನ್ನು ಬಳಸುತ್ತಾರೆ. ಮೈಭಾರ ಹೊರುವುದು ಇನ್ನೊಂದು ದಪ್ಪ ಎಲುಬಾದ್ದರಿಂದ ರೋಗಿ ಮತ್ತೆ ನಡೆಯುತ್ತಾನೆ.

ಇವುಗಳ ಜೊತೆಗೆ ಇನ್ನೂ ಕೆಲವಿವೆ. ಕಲೆಯ ಪಕ್ಕದ ಒಳ್ಳೆಯ ಚರ್ಮದಡಿ ಸಿಲಿಕಾನ್ ಚೀಲವಿಟ್ಟು, ವಾರವಾರ ಸ್ವಲ್ಪ ಸ್ವಲ್ಪ ಉಪ್ಪುನೀರು ತುಂಬಿ ಚರ್ಮವನ್ನು ಬೆಳೆಸಿ ಬಳಸುವುದು ಒಂದು. ಹುಟ್ಟಿನಿಂದಲೇ ಕಿವಿ ಬೆಳೆಯದ ಮಗುವಿಗೆ ಪಕ್ಕೆಲುಬಿನ ಮೃದು ಎಲುಬಿನಿಂದ ಕಿವಿಯ ಆಕಾರ ಕಡೆದು ಕೂರಿಸುವುದು ಇನ್ನೊಂದು. ಅಪಘಾತದಲ್ಲಿ ಮುರಿದ ಮುಖದ ಎಲುಬುಗಳನ್ನು ಸಣ್ಣ ಟೈಟಾನಿಯಂ ಪಟ್ಟಿ, ಸ್ಕ್ರೂಗಳಿಂದ ಜೋಡಿಸುವುದು ಮತ್ತೊಂದು.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಯಾವ ಶಸ್ತ್ರಚಿಕಿತ್ಸೆಯೂ ಕಲೆಯನ್ನು ಅಳಿಸಿಹಾಕುವುದಿಲ್ಲ. ಕೆಟ್ಟ ಕಲೆಯ ಬದಲು ಒಳ್ಳೆಯ ಕಲೆ ಕೊಡುತ್ತದೆ. ಒಂದಕ್ಕಿಂತ ಹೆಚ್ಚು ಸಲ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಕಸಿ ಹಿಡಿಯದೆಯೂ ಹೋಗಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ಆ ಅಪಾಯ ಹೆಚ್ಚು. ಆದ್ದರಿಂದ ವೈದ್ಯರನ್ನು "ಮೊದಲಿನಂತೆ ಕಾಣುತ್ತಾಳಾ?" ಎಂದು ಕೇಳುವ ಮುನ್ನ "ಕಣ್ಣು ಮುಚ್ಚುತ್ತದಾ? ಬಾಯಿ ತೆರೆಯುತ್ತದಾ? ಎಷ್ಟು ಸಲ ಬರಬೇಕು?" ಎಂದು ಕೇಳಿರಿ. ಉತ್ತರ ಸ್ಪಷ್ಟವಾಗಿ ಸಿಗುತ್ತದೆ, ನಿರಾಶೆಯೂ ಕಡಿಮೆ.

ಕಾಲ ಮೀರಿದರೆ

ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಸಮಯದ ವಿಷಯ. ಮುಖದ ಚಿಕಿತ್ಸೆಗೆ ಗಡುವುಗಳಿವೆ. ನಮ್ಮ ಸಂಕೋಚಕ್ಕಾಗಿ ಅವು ಕಾಯುವುದಿಲ್ಲ.

ಸುಟ್ಟ ಕೂಡಲೇ ಹರಿಯುವ ತಣ್ಣೀರನ್ನು 20 ನಿಮಿಷ ಹಾಕಬೇಕು. ಮಂಜುಗಡ್ಡೆ ಬೇಡ. ಟೂತ್‌ಪೇಸ್ಟ್, ಅರಿಶಿನ, ಶಾಯಿ, ಕಾಫಿಪುಡಿ ಯಾವುದೂ ಬೇಡ. ಗಾಯ ವಾಸಿಯಾದ ಮೇಲೂ ಕಲೆ ಬಿಗಿಯದಂತೆ ಮಾಲೀಸು, ವ್ಯಾಯಾಮ, ಸಿಲಿಕಾನ್ ಹಾಳೆ, ಒತ್ತಡದ ಮುಖವಾಡ ಮೊದಲಾದವುಗಳ ಬಗ್ಗೆ ವೈದ್ಯರು ಹೇಳಿದ್ದನ್ನು ತಿಂಗಳುಗಟ್ಟಲೆ ಪಾಲಿಸಬೇಕು. ಸಾಮಾನ್ಯ ಕಲೆ ಮೃದುವಾಗಲೆಂದು ಒಂದು ವರ್ಷ ಕಾಯುವುದುಂಟು. ಆದರೆ ರೆಪ್ಪೆ ಮುಚ್ಚದಿದ್ದರೆ ಕಾಯುವಂತಿಲ್ಲ, ಅದು ತುರ್ತು.

ಸೀಳುತುಟಿಯ ಮಗುವಿಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ತುಟಿಯನ್ನೂ, ಒಂದೂವರೆ ವರ್ಷದೊಳಗೆ ಅಂಗಳವನ್ನೂ ಸರಿಪಡಿಸುತ್ತಾರೆ. ಮಾತು ಮೂಡುವ ಮೊದಲೇ ಅಂಗಳ ಮುಚ್ಚಬೇಕೆಂಬುದು ಇದರ ಉದ್ದೇಶ. ತಡವಾದರೆ ಗಾಳಿ ಮೂಗಿನಿಂದ ಸೋರಿ ಅಕ್ಷರಗಳು ಸ್ಪಷ್ಟವಾಗುವುದಿಲ್ಲ. ಮದರಸದಲ್ಲಿ "ಬಾ" ಸರಿಯಾಗಿ ಹೇಳಲಾಗದ ಮಗುವನ್ನು ಉಸ್ತಾದರು ಗದರಿದರೆ ತಪ್ಪು ಮಗುವಿನದ್ದಲ್ಲ, ತಡ ಮಾಡಿದ ನಮ್ಮದು. ಶಸ್ತ್ರಚಿಕಿತ್ಸೆಯ ನಂತರ ಮಾತಿನ ತರಬೇತಿಯೂ ಬೇಕು.

ಇನ್ನು ಗ್ರಹಣದ ದಿನ ಬಸುರಿ ಕತ್ತಿ ಹಿಡಿದದ್ದರಿಂದ ಮಗುವಿನ ತುಟಿ ಸೀಳಿತು ಎಂಬ ಮಾತು ನಮ್ಮ ಮನೆಗಳಲ್ಲೂ ಕೇಳಿಬರುತ್ತದೆ. ಗರ್ಭದ ಮೊದಲ ವಾರಗಳಲ್ಲಿ ಮುಖದ ಭಾಗಗಳು ಕೂಡಿಕೊಳ್ಳದಿರುವುದರಿಂದ ಸೀಳು ಉಳಿಯುತ್ತದೆ. ಕತ್ತಿಗೂ ಅದಕ್ಕೂ ಸಂಬಂಧವಿಲ್ಲ. ತಮ್ಮ ಸ್ವಂತ ಮಗು ಇಬ್ರಾಹೀಮ್ ತೀರಿಕೊಂಡ ದಿನ ಗ್ರಹಣವಾದಾಗ, ಗ್ರಹಣವು ಯಾರ ಹುಟ್ಟು ಸಾವಿಗಾಗಿಯೂ ಉಂಟಾಗುವುದಲ್ಲವೆಂದು ಪ್ರವಾದಿ(ಸ) ತಿಳಿಸಿದ್ದರು. ಆ ಸಮುದಾಯದವರಾದ ನಾವು ಒಬ್ಬ ಬಾಣಂತಿಯ ಮೇಲೆ ಈ ಆರೋಪ ಹೊರಿಸಬಹುದೇ?

ಬೈಕ್ ಅಪಘಾತದ ಬಳಿಕ ಹಲ್ಲುಗಳು ಮೊದಲಿನಂತೆ ಕೂಡದಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ಕೆನ್ನೆ ಮರಗಟ್ಟಿದ್ದರೆ ಎಲುಬು ಮುರಿದಿರುವ ಸಾಧ್ಯತೆಯಿದೆ. ಒಂದೆರಡು ವಾರದೊಳಗೆ ಸರಿಪಡಿಸುವುದು ಸುಲಭ. ವಕ್ರವಾಗಿ ಕೂಡಿದ ಮೇಲೆ ಮತ್ತೆ ಮುರಿದು ಜೋಡಿಸಬೇಕಾಗುತ್ತದೆ. ಬಾಯೊಳಗೆ ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ಇಂದೇ ತೋರಿಸಿ. ಕ್ಯಾನ್ಸರ್ ಸಣ್ಣದಿದ್ದಾಗ ತೆಗೆಯುವುದೂ ಕಡಿಮೆ, ಕಟ್ಟುವುದೂ ಕಡಿಮೆ.

ಸೃಷ್ಟಿಯನ್ನು ಬದಲಾಯಿಸುವುದೇ?

ಈಗ ಆ ಹಿರಿಯರ ಎರಡನೆಯ ಮಾತಿಗೆ ಬರೋಣ. ಅಲ್ಲಾಹನ ಸೃಷ್ಟಿಯನ್ನು ಶೋಕಿಗಾಗಿ ಬದಲಾಯಿಸುವುದರ ಬಗ್ಗೆ ನಮ್ಮಲ್ಲಿ ಎಚ್ಚರವಿದೆ. ಆ ಎಚ್ಚರ ಇರಲಿ. ಮದುವೆಗೆ ಮುನ್ನ ಸರಿಯಾಗಿಯೇ ಇರುವ ಮೂಗನ್ನು ಮೊಬೈಲಿನ ಚಿತ್ರದಂತೆ ಮಾಡಿಸಿಕೊಳ್ಳುವ ಹಂಬಲವನ್ನು ನಾನೂ ಒಪ್ಪುವುದಿಲ್ಲ. ಆದರೆ ಎಣ್ಣೆ ಬಿದ್ದು ಜಗ್ಗಿದ ರೆಪ್ಪೆ ಅವಳ ಮೂಲ ರೂಪವೇ? ಅದನ್ನು ಮೇಲಕ್ಕೆತ್ತುವುದು ಬದಲಾವಣೆಯಲ್ಲ, ಮರಳಿಸುವುದು.

ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿರುವ ಅರ್ಫಜ ಬಿನ್ ಅಸ್‌ಅದ್(ರ)ರವರ ಘಟನೆಯನ್ನು ನೆನಪಿಸಿಕೊಳ್ಳಿ. ಇಸ್ಲಾಮ್ ಪೂರ್ವದ ಕುಲಾಬ್ ಯುದ್ಧದಲ್ಲಿ ಅವರು ಮೂಗು ಕಳೆದುಕೊಂಡಿದ್ದರು. ಬೆಳ್ಳಿಯ ಮೂಗು ಮಾಡಿಸಿಕೊಂಡರೆ ಅದು ದುರ್ವಾಸನೆ ಬರತೊಡಗಿತು. ಆಗ ಪ್ರವಾದಿ(ಸ) ಅವರಿಗೆ ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರು. ಗಂಡಸರಿಗೆ ಚಿನ್ನ ನಿಷಿದ್ಧವಾಗಿದ್ದರೂ ಈ ಅನುಮತಿ ಸಿಕ್ಕಿತು. ಹೋದ ಮೂಗಿನ ಜಾಗವನ್ನು ಬಟ್ಟೆಯಿಂದ ಮುಚ್ಚಿಕೋ ಎಂದು ಅವರಿಗೆ ಹೇಳಲಿಲ್ಲ ಎಂಬುದನ್ನು ನಾವು ಗಮನಿಸಬೇಕು. 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿ ಫಿಕ್ಹ್ ಅಕಾಡೆಮಿಯೂ ಸೀಳುತುಟಿಯಂಥ ಹುಟ್ಟು ದೋಷ, ಸುಟ್ಟಗಾಯ, ಅಪಘಾತಗಳಿಂದಾದ ವಿಕಾರಗಳನ್ನು ಸರಿಪಡಿಸುವುದು ಅನುವದನೀಯವೆಂದೂ, ಕೇವಲ ಶೋಕಿಗಾಗಿ ರೂಪ ಬದಲಿಸುವುದು ಸಲ್ಲದೆಂದೂ ನಿರ್ಣಯಿಸಿದೆ. ಸಂದೇಹವಿದ್ದರೆ ನಿಮ್ಮ ಮಹಲ್ಲಿನ ಉಲಮಾರನ್ನು ಕೇಳಿ. ಆದರೆ ಕೇಳುವಾಗ ವೈದ್ಯರು ಬರೆದ ಚೀಟಿಯೂ ಕೈಯಲ್ಲಿರಲಿ.

ಹಣದ ಚಿಂತೆ

ಖರ್ಚಿಗೆ ಹೆದರಿ ಮನೆಯಲ್ಲೇ ಉಳಿಯುವವರೂ ಇದ್ದಾರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಅವಕಾಶವಿದೆ. ನೋಂದಾಯಿತ ಆಸ್ಪತ್ರೆಗಳಲ್ಲಿರುವ ಆರೋಗ್ಯಮಿತ್ರರನ್ನು ಕೇಳಿದರೆ ಯಾವ ಚಿಕಿತ್ಸೆ ಅದರಲ್ಲಿ ಸೇರುತ್ತದೆಂದು ತಿಳಿಸುತ್ತಾರೆ. ಮಕ್ಕಳ ಸೀಳುತುಟಿ, ಸೀಳು ಅಂಗಳಗಳು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿವೆ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿದರೆ ದಾರಿ ಸಿಗುತ್ತದೆ. ಸ್ಮೈಲ್ ಟ್ರೈನ್ ಸಂಸ್ಥೆಯ ನೆರವಿನಿಂದ ಉಚಿತವಾಗಿ ಮಾಡುವ ಆಸ್ಪತ್ರೆಗಳೂ ಇವೆ. ಆ್ಯಸಿಡ್ ದಾಳಿಗೊಳಗಾದವರಿಗೆ ಸರಕಾರಿಯಾಗಲಿ ಖಾಸಗಿಯಾಗಲಿ ಯಾವ ಆಸ್ಪತ್ರೆಯೂ ಉಚಿತ ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂಬುದು ಕಾನೂನು. ಅವರಿಗೆ ಕನಿಷ್ಠ 3 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಶಸ್ತ್ರಚಿಕಿತ್ಸೆ ಉಚಿತವಾದರೂ ಬಸ್ಸಿನ ಖರ್ಚು, ಜೊತೆಗೆ ನಿಲ್ಲುವವರ ದಿನಗೂಲಿ, ಮತ್ತೆ ಮತ್ತೆ ಹೋಗಿಬರುವ ಹೊರೆ ಬಡವರನ್ನು ಅರ್ಧದಾರಿಯಲ್ಲೇ ನಿಲ್ಲಿಸುತ್ತದೆ. ನಮ್ಮ ಜಮಾಅತ್‌ಗಳು ಇಲ್ಲಿ ಕೈಹಿಡಿಯಬಹುದು. ಮಹಲ್ಲಿನಲ್ಲಿ ಮದುವೆಗೆ ನೆರವು ಕೇಳಿದರೆ ಕೊಡುವವರು ಬೇಕಾದಷ್ಟಿದ್ದಾರೆ. ಮುಖ ಸುಟ್ಟು ಮನೆಯೊಳಗೆ ಕುಳಿತವಳ ಎರಡನೇ ಶಸ್ತ್ರಚಿಕಿತ್ಸೆಗೆ ಯಾರೂ ಕೇಳುವುದಿಲ್ಲ, ಆದ್ದರಿಂದ ಯಾರೂ ಕೊಡುವುದಿಲ್ಲ. ಕೇಳದವರನ್ನು ಹುಡುಕಿಕೊಂಡು ಹೋಗುವುದು ಸಮಿತಿಯವರ ಕೆಲಸವಾಗಲಿ.

ಆ ಹುಡುಗಿಯನ್ನು ಕೊನೆಗೂ ಆಸ್ಪತ್ರೆಗೆ ಕರೆದೊಯ್ದದ್ದು ಅವಳ ಉಮ್ಮನ ಹಠ. ಬಿಗಿದ ಕಲೆಯನ್ನು ಬಿಡಿಸಿ, ಕಿವಿಯ ಹಿಂದಿನ ಚರ್ಮವನ್ನು ರೆಪ್ಪೆಯ ಕೆಳಗೆ ಕಸಿ ಮಾಡಿದರು. ಕೆನ್ನೆಯ ಗುರುತು ಈಗಲೂ ಇದೆ. ಕಟ್ಟು ಬಿಚ್ಚಿದ ರಾತ್ರಿ ಮಗಳು ಮಲಗಿದ ಮೇಲೆ ತಾನು ಎಷ್ಟೋ ಹೊತ್ತು ದೀಪ ಹಿಡಿದು ನೋಡುತ್ತಿದ್ದೆ, ಎರಡೂ ಕಣ್ಣು ಮುಚ್ಚಿದ್ದವು ಎಂದು ಆ ತಾಯಿ ನನ್ನಲ್ಲಿ ಹೇಳಿದರು. ಆದರೆ ಎರಡು ವರ್ಷ ಒಣಗಿದ ಆ ಕಣ್ಣಿನಲ್ಲಿ ಒಂದು ಬಿಳಿ ಚುಕ್ಕೆ ಉಳಿದುಬಿಟ್ಟಿದೆ. ಆ ಕಣ್ಣಿನಿಂದ ಮುಸ್‌ಹಫ್‌ನ ಅಕ್ಷರಗಳು ಅವಳಿಗೆ ಮಸುಕು. ಅದು ಎಣ್ಣೆಯಿಂದಾದದ್ದಲ್ಲ, ನಾವು ಮಾಡಿದ ತಡದಿಂದಾದದ್ದು.

ನಿಮ್ಮ ಮನೆಯಲ್ಲಿ, ನೆರೆಮನೆಯಲ್ಲಿ, ಕೋಣೆಯಿಂದ ಹೊರಬರದ ಒಂದು ಮುಖವಿದ್ದರೆ ಈ ವಾರವೇ ಸರಕಾರಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕೇಳಿ. ಕೇಳಿದ್ದಕ್ಕೆ ಯಾರೂ ಹಣ ತೆಗೆದುಕೊಳ್ಳುವುದಿಲ್ಲ.